ದಿನಬಳಕೆಯ ವಸ್ತುಗಳ ಮೂಲಕಥೆಯನ್ನು ಪತ್ತೆ ಹಚ್ಚುವುದು ಹೇಗೆ?

ಜೀನ್ಸ್ ಪ್ಯಾಂಟಿನ ಬಲಗಡೆಯ ಜೇಬಿನ ಬಾಯಲ್ಲಿ ಎರಡು ಬೆರಳೂ ಸರಿಯಾಗಿ ಹಿಡಿಯದ ಇನ್ನೊಂದು ಪುಟ್ಟ ಜೇಬಿರುತ್ತದೆ. ಪೆನ್ನಿನ ಮುಚ್ಚಳದ ತುದಿಯಲ್ಲಿ ತೂತಿರುತ್ತದೆ. ವಿಮಾನದ ಕಿಟಕಿಯ ಕೆಳಭಾಗದಲ್ಲಿ ಒಂದು ಸಣ್ಣ ರಂಧ್ರ ಕಾಣುತ್ತದೆ. ಫೋನಿನಲ್ಲಿ 1, 2, 3 ಮೇಲಿನ ಸಾಲಿನಲ್ಲಿದ್ದರೆ ಕ್ಯಾಲ್ಕ್ಯುಲೇಟರಿನಲ್ಲಿ ಅವೇ ಅಂಕಿಗಳು ಕೆಳಗಿರುತ್ತವೆ. ಇವನ್ನು ನಾವು ದಿನವೂ ನೋಡುತ್ತೇವೆ, ಮುಟ್ಟುತ್ತೇವೆ. ಏಕೆ ಹೀಗಿವೆ ಎಂದು ಯಾರಾದರೂ ಕೇಳಿದರೆ ಎಲ್ಲೋ ಓದಿದ ರಂಜಕವಾದ ಉತ್ತರವೊಂದನ್ನು ಹೇಳಿ ಮುಗಿಸುತ್ತೇವೆ. ಆ ಉತ್ತರ ಸರಿಯೇ ಎಂದು ಪರಿಶೀಲಿಸುವುದಕ್ಕೆ ಇತಿಹಾಸದ ಪದವಿಯೇನೂ ಬೇಕಿಲ್ಲ. ವಸ್ತುವನ್ನು ಗಮನವಿಟ್ಟು ನೋಡುವ ತಾಳ್ಮೆ, ದಾಖಲೆಗಳು ಎಲ್ಲಿ ಸಿಗುತ್ತವೆ ಎಂಬ ತಿಳಿವಳಿಕೆ, ಕೇಳಲು ಚೆಂದವಾಗಿರುವ ಕಥೆಯನ್ನು ಒಡನೆಯೇ ನಂಬದಿರುವ ಎಚ್ಚರ, ಇವಿಷ್ಟಿದ್ದರೆ ಸಾಕು. ಈ ಹುಡುಕಾಟವನ್ನು ಹೇಗೆ ನಡೆಸಬಹುದು ಎಂಬುದನ್ನು ಉದಾಹರಣೆಗಳ ಸಹಿತ ಇಲ್ಲಿ ವಿವರಿಸಲಾಗಿದೆ.

ಎಲ್ಲಿಂದ ಆರಂಭಿಸಬೇಕು

ಮೊದಲನೆಯದಾಗಿ, ಪ್ರಶ್ನೆಯನ್ನು ಚಿಕ್ಕದಾಗಿಸಿಕೊಳ್ಳಬೇಕು. ಪೆನ್ನಿನ ಇತಿಹಾಸವೇನು ಎಂದು ಹೊರಟವರು ವಿಶ್ವಕೋಶದ ನಾಲ್ಕು ಪುಟ ಓದಿ ಮರಳುತ್ತಾರೆ. ಮುಚ್ಚಳದ ತುದಿಯಲ್ಲಿ ತೂತೇಕೆ ಎಂದು ಹೊರಟವರಿಗೆ ಹೊಸದೇನಾದರೂ ಸಿಗುವ ಸಂಭವ ಹೆಚ್ಚು. ನೋಡಿದೊಡನೆ ಅನವಶ್ಯಕವೆನಿಸುವ, ಆದರೂ ತಯಾರಕರು ಬಿಡದೆ ಉಳಿಸಿಕೊಂಡು ಬಂದಿರುವ ಅಂಶವನ್ನು ಆಯ್ದುಕೊಳ್ಳುವುದು ಒಳ್ಳೆಯದು. ಲಕ್ಷಗಟ್ಟಲೆ ವಸ್ತುಗಳನ್ನು ತಯಾರಿಸುವ ಕಾರ್ಖಾನೆಗೆ ಒಂದು ಹೆಚ್ಚುವರಿ ಹೊಲಿಗೆ, ಒಂದು ಹೆಚ್ಚುವರಿ ತೂತು ಎಂದರೆ ಖರ್ಚು. ಆ ಖರ್ಚನ್ನು ಅದು ಸಹಿಸಿಕೊಂಡಿದೆ ಎಂದರೆ ಅದರ ಹಿಂದೆ ಒಂದು ನಿಯಮವೋ, ಅಪಾಯದ ಭಯವೋ, ಹಳೆಯ ಯಂತ್ರದ ಮಿತಿಯೋ ಅಥವಾ ಬಳಕೆದಾರರು ಬಿಟ್ಟುಕೊಡದ ರೂಢಿಯೋ ಇರಲೇಬೇಕು. ಇವುಗಳಲ್ಲಿ ಯಾವುದು ಎಂಬುದೇ ನಿಮ್ಮ ಮುಂದಿರುವ ಪ್ರಶ್ನೆ.

ಪುಸ್ತಕ ತೆರೆಯುವ ಮೊದಲು ವಸ್ತುವನ್ನೇ ಕೈಗೆತ್ತಿಕೊಂಡು ಅಳೆಯಿರಿ. ಎ4 ಹಾಳೆಯ ಅಳತೆ 210 ಮಿಲಿಮೀಟರ್ ಮತ್ತು 297 ಮಿಲಿಮೀಟರ್. ಇದೇಕೆ 200 ಮತ್ತು 300 ಎಂಬ ಪೂರ್ಣ ಸಂಖ್ಯೆಗಳಾಗಲಿಲ್ಲ ಎಂಬ ಸಂಶಯ ಅಳತೆಪಟ್ಟಿ ಹಿಡಿದವರಿಗೆ ಮಾತ್ರ ಬರುತ್ತದೆ. ಉದ್ದವನ್ನು ಅಗಲದಿಂದ ಭಾಗಿಸಿದರೆ 1.414 ಬರುತ್ತದೆ, ಅದು ಎರಡರ ವರ್ಗಮೂಲ. ಈ ಅನುಪಾತವಿರುವ ಹಾಳೆಯನ್ನು ನಡುವೆ ಮಡಚಿದರೆ ಸಿಗುವ ಅರ್ಧ ಹಾಳೆಗೂ ಅದೇ ಅನುಪಾತ ಇರುತ್ತದೆ. ಜರ್ಮನಿಯ ವಿಜ್ಞಾನಿ ಗೇಯಾರ್ಗ್ ಕ್ರಿಸ್ಟೋಫ್ ಲಿಷ್ಟೆನ್‌ಬರ್ಗ್ 1786ರ ಅಕ್ಟೋಬರಿನಲ್ಲಿ ಬರೆದ ಪತ್ರವೊಂದರಲ್ಲಿ ಈ ಗುಣವನ್ನು ಚರ್ಚಿಸಿದ್ದಾನೆ. ವಾಲ್ಟರ್ ಪೋರ್ಸ್ಟ್‌ಮನ್ ಎಂಬಾತನ ಪ್ರಯತ್ನದಿಂದ 1922ರಲ್ಲಿ ಜರ್ಮನಿಯ ಮಾನಕ (ಸ್ಟ್ಯಾಂಡರ್ಡ್) ಸಂಸ್ಥೆ ಅದನ್ನೇ ಆಧಾರವಾಗಿಟ್ಟುಕೊಂಡು ಕಾಗದದ ಅಳತೆಗಳನ್ನು ನಿಗದಿಪಡಿಸಿತು. ಮೂಲ ಹಾಳೆಯಾದ ಎ0 ಒಂದು ಚದರ ಮೀಟರ್; ಅದನ್ನು ನಾಲ್ಕು ಬಾರಿ ಅರ್ಧ ಮಾಡಿದರೆ ಎ4, ಅಂದರೆ ಹದಿನಾರನೆಯ ಒಂದು ಭಾಗ. ಕಾಗದದ ಕಟ್ಟಿನ ಮೇಲೆ ಚದರ ಮೀಟರಿಗೆ 80 ಗ್ರಾಂ ಎಂದಿದ್ದರೆ ಒಂದು ಎ4 ಹಾಳೆಯ ತೂಕ 5 ಗ್ರಾಂ ಎಂದು ತಕ್ಕಡಿಯಿಲ್ಲದೆಯೇ ಹೇಳಬಹುದು. ಮೊದಲ ನೋಟಕ್ಕೆ ಅಂದಗೆಟ್ಟಂತೆ ಕಾಣುವ ಸಂಖ್ಯೆಯ ಹಿಂದೆ ಹೆಚ್ಚಾಗಿ ಅಂದವಾದ ನಿಯಮವೊಂದು ಇರುತ್ತದೆ. ಆದ್ದರಿಂದ ಅಳತೆಯನ್ನು ಬರೆದಿಟ್ಟುಕೊಳ್ಳುವುದನ್ನು ಮರೆಯಬಾರದು.

ಬೆಂಕಿಪೊಟ್ಟಣದಿಂದ ಕಲಿಯಬಹುದಾದದ್ದು

ವಸ್ತುವಿನ ಭಾಗಗಳು ಏಕೆ ಬೇರೆಬೇರೆಯಾಗಿವೆ ಎಂದು ಕೇಳುವುದು ಮುಂದಿನ ಹೆಜ್ಜೆ. ಇದಕ್ಕೆ ಬೆಂಕಿಪೊಟ್ಟಣಕ್ಕಿಂತ ಉತ್ತಮ ಪಾಠ ನನಗೆ ತಿಳಿದಂತೆ ಬೇರೊಂದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಇಂದಿನ ಸಾಮಾನ್ಯ ಬೆಂಕಿಕಡ್ಡಿಯನ್ನು ಗೋಡೆಗೋ ಕಲ್ಲಿಗೋ ಗೀರಿದರೆ ಹೊತ್ತಿಕೊಳ್ಳುವುದಿಲ್ಲ. ಪೊಟ್ಟಣದ ಮಗ್ಗುಲಿನ ಕಂದು ಪಟ್ಟಿಯೇ ಬೇಕು. ಬೆಂಕಿ ಹೊತ್ತಿಸಲೆಂದೇ ಇರುವ ಕಡ್ಡಿಯನ್ನು ಬೇಕೆಂದೇ ಹೀಗೆ ಅರೆಕೊರೆಯಾಗಿ ಮಾಡಿದವರು ಯಾರು, ಏಕೆ?

ಉಜ್ಜಿದರೆ ಹೊತ್ತುವ ಕಡ್ಡಿಯನ್ನು ಮೊದಲು ಮಾರಿದವನು ಇಂಗ್ಲೆಂಡಿನ ಸ್ಟಾಕ್ಟನ್ ಎಂಬ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್. ಆತನ ಲೆಕ್ಕದ ಪುಸ್ತಕದಲ್ಲಿ ಮೊದಲ ಮಾರಾಟ 1827ರ ಏಪ್ರಿಲ್ ತಿಂಗಳಲ್ಲಿ ದಾಖಲಾಗಿದೆ. ಆತ ಪೇಟೆಂಟ್ ಪಡೆಯಲಿಲ್ಲ ಎಂಬುದನ್ನು ಗಮನಿಸಬೇಕು: ಪೇಟೆಂಟುಗಳನ್ನಷ್ಟೇ ಹುಡುಕುವವರ ಕಣ್ಣಿಗೆ ವಾಕರ್ ಬೀಳುವುದೇ ಇಲ್ಲ, ಅಂಗಡಿಯ ಲೆಕ್ಕದ ಪುಸ್ತಕ ನೋಡುವವರಿಗೆ ಸಿಗುತ್ತಾನೆ. ಆತನ ಕಡ್ಡಿಗಳಲ್ಲಿ ರಂಜಕ (ಫಾಸ್ಫರಸ್) ಇರಲಿಲ್ಲ. ಜೊತೆಗೆ ಕೊಟ್ಟ ಮಡಚಿದ ಉಪ್ಪುಕಾಗದದ ನಡುವೆ ಕಡ್ಡಿಯನ್ನಿಟ್ಟು ಸರ್ರನೆ ಎಳೆಯಬೇಕಿತ್ತು. 1830ರ ಸುಮಾರಿಗೆ ಬಿಳಿ ರಂಜಕದ ಕಡ್ಡಿಗಳು ಬಂದವು. ಅವು ಎಲ್ಲಿ ಗೀರಿದರೂ ಹೊತ್ತುತ್ತಿದ್ದುದರಿಂದ ಜನಪ್ರಿಯವಾದವು. ಅದೇ ಗುಣದಿಂದಾಗಿ ಅಪಾಯಕಾರಿಯೂ ಆಗಿದ್ದವು. ಅದಕ್ಕಿಂತ ದೊಡ್ಡ ಅಪಾಯವಿದ್ದದ್ದು ಕಾರ್ಖಾನೆಯೊಳಗೆ. ಬಿಳಿ ರಂಜಕದ ಹೊಗೆಯಲ್ಲಿ ದಿನವಿಡೀ ದುಡಿಯುತ್ತಿದ್ದವರ ದವಡೆಯ ಮೂಳೆ ಕೊಳೆಯುವ ಕಾಯಿಲೆಗೆ ತುತ್ತಾಗುತ್ತಿತ್ತು.

ಕಂದು ಪಟ್ಟಿ ಹುಟ್ಟಿದ್ದು ಈ ಸಂಕಟದ ನಡುವೆ. ಹೊತ್ತಿಕೊಳ್ಳಲು ಬೇಕಾದ ದ್ರವ್ಯಗಳನ್ನು ಎರಡಾಗಿ ಒಡೆದು, ಒಂದು ಭಾಗವನ್ನು ಕಡ್ಡಿಯ ತುದಿಗೂ ಇನ್ನೊಂದನ್ನು ಪೊಟ್ಟಣದ ಮಗ್ಗುಲಿಗೂ ಹಚ್ಚಿದರೆ ಇವೆರಡೂ ಸೇರುವವರೆಗೆ ಬೆಂಕಿ ಹುಟ್ಟುವುದಿಲ್ಲ ಎಂಬ ಉಪಾಯಕ್ಕೆ ಸ್ವೀಡನ್ನಿನ ಗುಸ್ತಾಫ್ ಎರಿಕ್ ಪಾಷ್ 1844ರಲ್ಲಿ ಪೇಟೆಂಟ್ ಪಡೆದನು. ಅದೇ ದೇಶದ ಯೊಹಾನ್ ಎಡ್ವರ್ಡ್ ಲುಂಡ್‌ಸ್ಟ್ರೋಮ್ ಅದನ್ನು ಸುಧಾರಿಸಿ 1855ರ ಪ್ಯಾರಿಸ್ ಪ್ರದರ್ಶನದಲ್ಲಿ ಪ್ರಶಸ್ತಿ ಗಳಿಸಿದನು. ಈಗಿನ ಪಟ್ಟಿಯಲ್ಲಿರುವುದು ವಿಷಕಾರಿಯಲ್ಲದ ಕೆಂಪು ರಂಜಕ ಮತ್ತು ಗಾಜಿನ ಪುಡಿ. ಕಡ್ಡಿಯ ತುದಿಯಲ್ಲಿರುವುದು ಆಮ್ಲಜನಕ ಒದಗಿಸುವ ಪೊಟ್ಯಾಸಿಯಂ ಕ್ಲೋರೇಟ್ ಮತ್ತು ಉರಿಯುವ ಗಂಧಕದಂಥ ವಸ್ತು. ಗೀರಿದಾಗ ಉಂಟಾಗುವ ಶಾಖಕ್ಕೆ ಪಟ್ಟಿಯ ಮೇಲಿನ ಕೆಂಪು ರಂಜಕದ ಒಂದು ಕಣ ಬಿಳಿ ರಂಜಕವಾಗಿ ಮಾರ್ಪಟ್ಟು ಕಿಡಿ ಏಳುತ್ತದೆ. ನಿಷೇಧಕ್ಕೊಳಗಾದ ಆ ಹಳೆಯ ವಿಷ ಪ್ರತಿ ಗೀರಿನಲ್ಲೂ ಕ್ಷಣಮಾತ್ರ ಹುಟ್ಟಿ ಸುಟ್ಟುಹೋಗುತ್ತದೆ ಎನ್ನಬಹುದು.

ಆದರೆ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಅದು ಅರ್ಧ ಸತ್ಯವಾಗುತ್ತದೆ. 1855ರಲ್ಲೇ ಸುರಕ್ಷಿತ ಕಡ್ಡಿ ಬಂದಿದ್ದರೂ ಬಿಳಿ ರಂಜಕದ ಕಡ್ಡಿಗಳು ಅಗ್ಗವಾಗಿದ್ದುದರಿಂದ ದಶಕಗಳವರೆಗೆ ಮಾರುಕಟ್ಟೆಯಲ್ಲಿ ಉಳಿದವು. 1888ರಲ್ಲಿ ಲಂಡನ್ನಿನ ಬ್ರಯಂಟ್ ಅಂಡ್ ಮೇ ಕಾರ್ಖಾನೆಯ ಸುಮಾರು 1,400 ಮಹಿಳೆಯರು ಮತ್ತು ಹುಡುಗಿಯರು ದಂಡ, ಕಡಿಮೆ ಕೂಲಿ ಮತ್ತು ಕೆಲಸದ ಪರಿಸ್ಥಿತಿಯ ವಿರುದ್ಧ ಮುಷ್ಕರ ಹೂಡಿದರು. ಬಿಳಿ ರಂಜಕದ ಕಡ್ಡಿಗಳನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಆದದ್ದು 1906ರಲ್ಲಿ. ಅಂದರೆ ಉಪಾಯ ಸಿಕ್ಕಿದ್ದಕ್ಕೂ ಅದು ಎಲ್ಲರ ಕೈ ಸೇರಿದ್ದಕ್ಕೂ ನಡುವೆ ಅರ್ಧ ಶತಮಾನದ ಅಂತರವಿದೆ. ಯಾವುದೇ ವಸ್ತುವಿನ ಕಥೆಯನ್ನು ಹುಡುಕುವಾಗ ಈ ಎರಡು ತಾರೀಖುಗಳನ್ನು ಬೇರೆಬೇರೆಯಾಗಿ ಬರೆದುಕೊಳ್ಳಿ: ಅದನ್ನು ಕಂಡುಹಿಡಿದ ವರ್ಷ ಮತ್ತು ಅದು ಸಾಮಾನ್ಯವಾದ ವರ್ಷ. ಇವೆರಡರ ನಡುವೆ ಏನಾಯಿತು ಎಂಬುದರಲ್ಲೇ ಬಹುತೇಕ ಗುಪ್ತ ಕಥೆಗಳು ಅಡಗಿರುತ್ತವೆ.

ಪೇಟೆಂಟುಗಳನ್ನು ಓದುವ ಬಗೆ

ವಾಕರ್ ಪೇಟೆಂಟ್ ಪಡೆಯದಿದ್ದರೂ ಪಡೆದವರ ಸಂಖ್ಯೆ ದೊಡ್ಡದು. ಅವರ ದಾಖಲೆಗಳು ಈಗ ಗೂಗಲ್ ಪೇಟೆಂಟ್ಸ್ ಮತ್ತು ಯುರೋಪಿನ ಪೇಟೆಂಟ್ ಕಚೇರಿಯ ಎಸ್ಪಾಸ್‌ನೆಟ್ ತಾಣಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಅಲ್ಲಿನ ಕಾನೂನು ಭಾಷೆ ಒರಟಾಗಿರುವುದು ನಿಜ. ಮೊದಲು ಚಿತ್ರವನ್ನು ನೋಡಿ, ಬಳಿಕ ಅರ್ಜಿ ಸಲ್ಲಿಸಿದ ದಿನಾಂಕವನ್ನು ಗುರುತು ಮಾಡಿಕೊಳ್ಳಿ, ಅನಂತರ ಕೊನೆಯಲ್ಲಿರುವ ಹಕ್ಕುಸಾಧನೆಯ ಸಾಲುಗಳಿಗೆ ಹೋಗಿ. ತಾನು ಹೊಸದಾಗಿ ಮಾಡಿದ್ದು ಇಷ್ಟು ಮಾತ್ರ ಎಂದು ಸಂಶೋಧಕ ಅಳೆದು ತೂಗಿ ಒಪ್ಪಿಕೊಳ್ಳುವುದು ಆ ಸಾಲುಗಳಲ್ಲೇ. ಪೀಠಿಕೆಯಲ್ಲಿ ಹಿಂದಿನ ವಸ್ತುಗಳ ದೋಷಗಳನ್ನು ದೂರುವ ಭಾಗವೂ ಬೆಲೆಬಾಳುವಂಥದ್ದು. ಆ ಕಾಲದ ಜನರಿಗೆ ಯಾವುದು ಕಿರಿಕಿರಿಯಾಗಿತ್ತು ಎಂಬುದು ಅಲ್ಲಿ ತಿಳಿಯುತ್ತದೆ. ಇತ್ತೀಚಿನ ಪೇಟೆಂಟುಗಳು ತಮಗಿಂತ ಹಿಂದಿನವನ್ನು ಹೆಸರಿಸುತ್ತವೆ. ಆ ಸಂಖ್ಯೆಗಳನ್ನು ಹಿಡಿದು ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬಹುದು.

ಜೀನ್ಸ್ ಪ್ಯಾಂಟಿನ ತಾಮ್ರದ ರಿವೆಟ್ಟುಗಳನ್ನು ತೆಗೆದುಕೊಳ್ಳಿ. ದರ್ಜಿ ಜೇಕಬ್ ಡೇವಿಸ್ ಮತ್ತು ಬಟ್ಟೆ ವ್ಯಾಪಾರಿ ಲಿವೈ ಸ್ಟ್ರಾಸ್ 1873ರ ಮೇ 20ರಂದು ಪಡೆದ ಅಮೆರಿಕದ 139,121ನೇ ಸಂಖ್ಯೆಯ ಪೇಟೆಂಟ್ ಪ್ಯಾಂಟಿನ ಕುರಿತಾದದ್ದೇ ಅಲ್ಲ. ಜೇಬಿನ ಬಾಯಿ ಹರಿಯದಂತೆ ಲೋಹದ ಮೊಳೆಯಿಂದ ಬಿಗಿಯುವ ಉಪಾಯದ ಕುರಿತಾದದ್ದು. ಆದರೆ ಪೇಟೆಂಟ್ ಹೇಳದಿರುವುದನ್ನು ಹಳೆಯ ಪ್ಯಾಂಟುಗಳೇ ಹೇಳುತ್ತವೆ. ಉಳಿದುಬಂದಿರುವ ಹತ್ತೊಂಬತ್ತನೆಯ ಶತಮಾನದ ಪ್ರತಿಗಳಲ್ಲಿ ಆ ಪುಟ್ಟ ಜೇಬು ಕಾಣುತ್ತದೆ. ಅದು ಸರಪಣಿ ಕಟ್ಟಿದ ಗಡಿಯಾರವನ್ನು ಇಡುವ ಜೇಬು. ಹಿಂಜೇಬಿನ ರಿವೆಟ್ಟುಗಳು ಕುದುರೆಯ ಜೀನನ್ನೂ ಕುರ್ಚಿಯನ್ನೂ ಗೀರುತ್ತವೆ ಎಂಬ ದೂರಿನಿಂದ 1937ರಲ್ಲಿ ಅವುಗಳ ಮೇಲೆ ಬಟ್ಟೆ ಹೊಲಿದು ಮುಚ್ಚಲಾಯಿತು. 1960ರ ದಶಕದಲ್ಲಿ ಪೂರ್ತಿಯಾಗಿ ಕೈಬಿಡಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹ ಉಳಿಸಲೆಂದು ಗಡಿಯಾರದ ಜೇಬಿನ ರಿವೆಟ್ಟುಗಳನ್ನು ತೆಗೆದರು, ಜೇಬನ್ನು ಮಾತ್ರ ಬಿಟ್ಟರು. ಹೀಗಾಗಿ ವಸ್ತುಸಂಗ್ರಹಾಲಯಗಳ ಅಂತರ್ಜಾಲ ಸಂಗ್ರಹದಲ್ಲಿ ಬೇರೆಬೇರೆ ವರ್ಷಗಳ ಮಾದರಿಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಪೇಟೆಂಟ್ ಓದುವಷ್ಟೇ ಮುಖ್ಯ.

ಕಾಗದಗಳನ್ನು ಹಿಡಿದಿಡುವ ಪೇಪರ್ ಕ್ಲಿಪ್ಪಿನ ವಿಷಯದಲ್ಲಿ ಪೇಟೆಂಟಿನ ಚಿತ್ರವೇ ಒಂದು ರಾಷ್ಟ್ರೀಯ ನಂಬಿಕೆಯನ್ನು ಅಲುಗಿಸುತ್ತದೆ. ನಾರ್ವೆಯ ಯೊಹಾನ್ ವಾಲರ್ ಇದರ ಜನಕ ಎಂದು ಅನೇಕ ವಿಶ್ವಕೋಶಗಳು ಬಹುಕಾಲ ಬರೆದವು. ಆತ 1901ರಲ್ಲಿ ಪೇಟೆಂಟ್ ಪಡೆದದ್ದು ನಿಜ. ಆದರೆ ಆ ಚಿತ್ರವನ್ನು ತೆರೆದು ನೋಡಿದರೆ ನಮ್ಮ ಮೇಜಿನ ಮೇಲಿರುವ ಕ್ಲಿಪ್ಪಿನ ಒಳಸುತ್ತು ಅದರಲ್ಲಿಲ್ಲ. ಒಳಸುತ್ತಿಲ್ಲದೆ ಅದು ಕಾಗದವನ್ನು ಸರಿಯಾಗಿ ಕಚ್ಚಿ ಹಿಡಿಯುವುದಿಲ್ಲ. ನಾವು ಬಳಸುವ ಆಕಾರದ ಹೆಸರು ಜೆಮ್. ಆ ಆಕಾರದ ಕ್ಲಿಪ್ಪುಗಳನ್ನು ತಯಾರಿಸುವ ಯಂತ್ರಕ್ಕೆ ಅಮೆರಿಕದ ವಿಲಿಯಂ ಮಿಡ್ಲ್‌ಬ್ರುಕ್ 1899ರಲ್ಲೇ ಪೇಟೆಂಟ್ ಪಡೆದಿದ್ದನು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಆಕ್ರಮಣಕ್ಕೆ ಒಳಗಾದ ನಾರ್ವೆಯ ಜನರು ತಾವು ಒಗ್ಗಟ್ಟಾಗಿದ್ದೇವೆ ಎಂದು ಸಾರಲು ಅಂಗಿಯ ಮೇಲೆ ಪೇಪರ್ ಕ್ಲಿಪ್ ಧರಿಸುತ್ತಿದ್ದರು. ಆ ನೆನಪು ವಾಲರ್‌ನ ಕಥೆಗೆ ಇನ್ನಷ್ಟು ಬಲ ಕೊಟ್ಟಿತು. 1989ರಲ್ಲಿ ಓಸ್ಲೋ ಸಮೀಪದ ಸಾಂಡ್ವಿಕಾದಲ್ಲಿ ಆತನ ಗೌರವಾರ್ಥ ನಿಲ್ಲಿಸಿದ ಭಾರೀ ಕ್ಲಿಪ್ಪಿನ ಪ್ರತಿಮೆ ಕೂಡ ಆತನ ವಿನ್ಯಾಸದ್ದಲ್ಲ! ಪ್ರತಿಮೆ, ಅಂಚೆಚೀಟಿ, ಸ್ಮಾರಕ ಫಲಕ ಇವು ಯಾವುವೂ ಪುರಾವೆಗಳಲ್ಲ; ಯಾವ ಕಾಲದಲ್ಲಿ ಜನ ಏನನ್ನು ನಂಬಿದ್ದರು ಎಂಬುದಕ್ಕಷ್ಟೇ ಅವು ಸಾಕ್ಷಿ.

ಚೆಂದದ ಕಥೆಯನ್ನು ಪರೀಕ್ಷಿಸುವುದು

ಪ್ರಚಲಿತವಾದ ಕಥೆಯೊಂದು ನಿಮ್ಮ ಕಿವಿಗೆ ಬಿದ್ದರೆ ಅದನ್ನು ತಿರಸ್ಕರಿಸುವ ಅಗತ್ಯವಿಲ್ಲ. ಈ ಕಥೆ ನಿಜವಾಗಿದ್ದರೆ ಇನ್ನೇನೇನು ನಿಜವಾಗಿರಬೇಕಿತ್ತು ಎಂದು ಕೇಳಿಕೊಂಡರೆ ಸಾಕು.

ಕೀಲಿಮಣೆಯ ಕ್ವರ್ಟಿ ಜೋಡಣೆಯ (ಅಕ್ಷರಗಳ ಮೇಲಿನ ಸಾಲು Q, W, E, R, T, Y ಎಂದು ಆರಂಭವಾಗುವ ಕ್ರಮ) ಬಗ್ಗೆ ಎಲ್ಲರೂ ಕೇಳಿರುವ ಮಾತೊಂದಿದೆ: ಬೆರಳಚ್ಚು ಯಂತ್ರದ ಅಕ್ಷರದ ಸರಳುಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು, ಜೊತೆಜೊತೆಯಾಗಿ ಬರುವ ಅಕ್ಷರಗಳನ್ನು ಬೇಕೆಂದೇ ದೂರ ಇಟ್ಟು ಬೆರಳಚ್ಚುಗಾರರ ವೇಗವನ್ನು ತಗ್ಗಿಸಲಾಯಿತು ಎಂಬುದು. ಹಾಗಿದ್ದರೆ ಇಂಗ್ಲಿಷಿನಲ್ಲಿ ಅತಿ ಹೆಚ್ಚಾಗಿ ಜೊತೆಯಾಗುವ ಇ ಮತ್ತು ಆರ್ ಅಕ್ಷರಗಳು ದೂರ ಇರಬೇಕಿತ್ತು. ಅವು ಕೀಲಿಮಣೆಯಲ್ಲಿ ಒತ್ತೊತ್ತಾಗಿ ಕುಳಿತಿವೆ. ಕ್ರಿಸ್ಟೋಫರ್ ಲೇಥಮ್ ಶೋಲ್ಸ್ ಮತ್ತು ಆತನ ಜೊತೆಗಾರರು ರೂಪಿಸಿದ ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. 1878ರ ಪೇಟೆಂಟಿನ ಚಿತ್ರದಲ್ಲಿ ಕ್ವರ್ಟಿ ಜೋಡಣೆ ಕಾಣಿಸುತ್ತದೆ. ಆ ಯಂತ್ರದ ಆರಂಭಿಕ ಬಳಕೆದಾರರಲ್ಲಿ ತಂತಿ ಸಂದೇಶವನ್ನು ಕೇಳುತ್ತಲೇ ಅಕ್ಷರಕ್ಕಿಳಿಸುತ್ತಿದ್ದವರು ಇದ್ದರೆಂದೂ, ಅವರ ಅನುಕೂಲಕ್ಕೆ ತಕ್ಕಂತೆ ಜೋಡಣೆ ಹಂತಹಂತವಾಗಿ ಬದಲಾಯಿತೆಂದೂ ಕ್ಯೋಟೋ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ವಾದಿಸಿದ್ದಾರೆ. ಈ ವಾದವೇ ಕೊನೆಯ ಮಾತು ಎಂದು ನಾನು ಹೇಳುವುದಿಲ್ಲ. ಆದರೆ ಜೋಡಣೆ ಒಮ್ಮೆಗೇ ಹುಟ್ಟಿದ್ದಲ್ಲ, ಹಲವು ಕೈಗಳಲ್ಲಿ ತಿದ್ದುಪಡಿಯಾಗಿ ಬಂದದ್ದು ಎಂಬುದು ಒಂದೇ ಸಾಲಿನ ಕಾರಣವನ್ನು ಹೇಳುವ ಕಥೆಗಿಂತ ಎಷ್ಟೋ ಹೆಚ್ಚು ನಂಬಲರ್ಹ.

ರೈಲುಹಳಿಗಳ ನಡುವಿನ 1,435 ಮಿಲಿಮೀಟರ್ ಅಂತರ ರೋಮನ್ನರ ರಥಗಳಿಂದ, ಅಂದರೆ ಎರಡು ಕುದುರೆಗಳ ಬೆನ್ನಿನ ಅಗಲದಿಂದ ಬಂತು ಎಂಬ ಕಥೆಗೂ ಇದೇ ಪರೀಕ್ಷೆಯನ್ನು ಒಡ್ಡಬಹುದು. ರಥಗಳೇ ಅಗಲವನ್ನು ನಿರ್ಧರಿಸಿದ್ದರೆ ಎಲ್ಲೆಡೆ ಹಳಿಗಳು ಒಂದೇ ಅಗಲ ಇರಬೇಕಿತ್ತು. ಇಂಗ್ಲೆಂಡಿನಲ್ಲೇ ಎಂಜಿನಿಯರ್ ಇಸಂಬಾರ್ಡ್ ಬ್ರುನೆಲ್ ಏಳಡಿಗೂ ಮಿಗಿಲಾದ ಅಗಲದ ಹಳಿ ಹಾಕಿದನು. ಅದು ಪೂರ್ತಿಯಾಗಿ ಮಾಯವಾದದ್ದು 1892ರಲ್ಲಿ. ಅಮೆರಿಕದ ದಕ್ಷಿಣದ ರೈಲುಗಳು 1886ರವರೆಗೆ ಬಹುಮಟ್ಟಿಗೆ ಐದಡಿ ಅಗಲದ ಹಳಿಗಳ ಮೇಲೆ ಓಡಿದವು. ಈಗಿನ ಅಳತೆ ನೇರವಾಗಿ ಬಂದದ್ದು ಈಶಾನ್ಯ ಇಂಗ್ಲೆಂಡಿನ ಕಲ್ಲಿದ್ದಲು ಗಣಿಗಳ ಕುದುರೆ ಬಂಡಿಯ ಹಳಿಗಳಿಂದ. ಜಾರ್ಜ್ ಸ್ಟೀವನ್‌ಸನ್ ರೈಲು ಮಾರ್ಗಗಳನ್ನು ಕಟ್ಟುವ ಮೊದಲು ಆ ಗಣಿಗಳಲ್ಲಿ ದುಡಿದವನು. ಕೈಗೆ ರೂಢಿಯಾಗಿದ್ದ ಅಳತೆಯನ್ನೇ ಬಳಸಿದನು. ಚಕ್ರಗಳು ಬಿಗಿಯಾಗದಿರಲೆಂದು ಆಮೇಲೆ ಅರ್ಧ ಇಂಚು ಸೇರಿತು. 1846ರಲ್ಲಿ ಬ್ರಿಟಿಷ್ ಸಂಸತ್ತು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಕುದುರೆ ಎಳೆಯುವ ಬಂಡಿಯ ಅಗಲ ಎಲ್ಲ ಕಾಲದಲ್ಲೂ ಹೆಚ್ಚುಕಡಿಮೆ ಒಂದೇ ಇದ್ದೀತು ಎಂಬಷ್ಟರ ಮಟ್ಟಿಗೆ ರೋಮಿನ ಕಥೆಯಲ್ಲಿ ಹುರುಳಿದೆ, ಮಿಕ್ಕದ್ದು ಕಟ್ಟುಕಥೆ. ಇಂಥ ಕಥೆಗಳಿಂದ ನಿಜವಾದ ಎಳೆಯನ್ನು ಬಿಡಿಸಿಕೊಂಡು ಉಳಿದದ್ದನ್ನು ಬಿಡುವ ಕೆಲಸ ಪೂರ್ತಿ ಸುಳ್ಳನ್ನು ಬಯಲಿಗೆಳೆಯುವುದಕ್ಕಿಂತ ಕಷ್ಟದ್ದು.

ಮಾನಕಗಳು, ಪ್ರಯೋಗಗಳು, ಅಪಘಾತಗಳ ವರದಿಗಳು

ಪೇಟೆಂಟಿನಲ್ಲಿ ಉತ್ತರ ಸಿಗದಿದ್ದರೆ ಮಾನಕಗಳತ್ತ ತಿರುಗಬೇಕು. ಪೆನ್ನಿನ ಮುಚ್ಚಳದ ತೂತು ಶಾಯಿ ಒಣಗದಿರಲೆಂದು ಇದೆ ಎನ್ನುವವರಿದ್ದಾರೆ. ಗಾಳಿಯಾಡಿದರೆ ಶಾಯಿ ಒಣಗುತ್ತದೆಯೇ ಹೊರತು ಉಳಿಯುವುದಿಲ್ಲ ಎಂದು ಯೋಚಿಸಿದರೆ ಆ ಉತ್ತರ ಅಲ್ಲೇ ಬೀಳುತ್ತದೆ. ಮಕ್ಕಳು ಮುಚ್ಚಳವನ್ನು ಬಾಯಲ್ಲಿಟ್ಟುಕೊಂಡು, ಅದು ಶ್ವಾಸನಾಳದಲ್ಲಿ ಸಿಕ್ಕಿಕೊಂಡರೆ, ಉಸಿರಾಟಕ್ಕೆ ಒಂದಿಷ್ಟಾದರೂ ದಾರಿ ಇರಲಿ ಎಂಬುದೇ ಅದರ ಉದ್ದೇಶ. ಐಎಸ್‌ಒ 11540 ಎಂಬ ಅಂತಾರಾಷ್ಟ್ರೀಯ ಮಾನಕ ಇರುವುದೇ ಈ ಅಪಾಯವನ್ನು ತಗ್ಗಿಸಲು. ಪೆನ್ನಿನ ಕೊಳವೆಯ ನಡುವೆ ಕಾಣುವ ಇನ್ನೊಂದು ಸಣ್ಣ ತೂತಿನ ಕೆಲಸ ಬೇರೆ. ಅದು ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡವನ್ನು ಸರಿದೂಗಿಸುತ್ತದೆ. ಒಂದೇ ವಸ್ತುವಿನ ಎರಡು ತೂತುಗಳಿಗೆ ಎರಡು ಬೇರೆ ಕಾರಣಗಳಿರಬಹುದಾದ್ದರಿಂದ, ಒಂದರ ಉತ್ತರವನ್ನು ಇನ್ನೊಂದಕ್ಕೆ ಅಂಟಿಸಬಾರದು. ಪೂರ್ತಿ ಮಾನಕವನ್ನು ಹಣ ಕೊಟ್ಟು ಪಡೆಯಬೇಕಾಗುತ್ತದೆ, ಆದರೆ ಅದರ ವ್ಯಾಪ್ತಿಯನ್ನು ತಿಳಿಸುವ ಮೊದಲ ಪುಟಗಳು ಸಾಮಾನ್ಯವಾಗಿ ಉಚಿತ. ಹೆಚ್ಚಿನ ಪ್ರಶ್ನೆಗಳಿಗೆ ಅಷ್ಟೇ ಸಾಕಾಗುತ್ತದೆ.

ಫೋನಿನ ಅಂಕಿಗಳ ಪ್ರಶ್ನೆಗೆ ಉತ್ತರವಿರುವುದು ಪ್ರಯೋಗದ ವರದಿಯಲ್ಲಿ. ಅಮೆರಿಕದ ಬೆಲ್ ಪ್ರಯೋಗಾಲಯ ಗುಂಡಿ ಒತ್ತುವ ಫೋನನ್ನು ರೂಪಿಸುವಾಗ ಗುಂಡಿಗಳನ್ನು ವೃತ್ತಾಕಾರ, ಎರಡು ಸಾಲು, ಚೌಕ ಹೀಗೆ ನಾನಾ ಬಗೆಯಲ್ಲಿ ಜೋಡಿಸಿ, ಜನರಿಂದ ಒತ್ತಿಸಿ, ತಗಲುವ ಸಮಯವನ್ನೂ ತಪ್ಪುಗಳನ್ನೂ ಜನರ ಇಷ್ಟವನ್ನೂ ಅಳೆಯಿತು. ಆರ್. ಎಲ್. ಡೈನಿಂಗರ್ ಬರೆದ ಆ ವರದಿ 1960ರಲ್ಲಿ ಪ್ರಕಟವಾಯಿತು. ಅಂಥ ಫೋನ್ 1963ರ ನವೆಂಬರಿನಲ್ಲಿ ಬಳಕೆಗೆ ಬಂತು. ಕ್ಯಾಲ್ಕ್ಯುಲೇಟರ್ ಬಳಸಿ ಪಳಗಿದವರ ವೇಗವನ್ನು ತಗ್ಗಿಸಲೆಂದೇ ಅಂಕಿಗಳನ್ನು ತಲೆಕೆಳಗು ಮಾಡಿದರು ಎಂಬ ಜನಪ್ರಿಯ ವಿವರಣೆ ವರದಿಯನ್ನು ಓದಿದ ಮೇಲೆ ನಿಲ್ಲುವುದಿಲ್ಲ. ಅಲ್ಲಿ ಹುಡುಕಿದ್ದು ಸುಲಭವಾದ ಜೋಡಣೆಯನ್ನು, ನಿಧಾನವಾದದ್ದನ್ನಲ್ಲ.

ವಿಮಾನದ ಕಿಟಕಿಯ ಪುಟ್ಟ ರಂಧ್ರದ ಕೆಲಸವನ್ನು ಅದರ ರಚನೆಯಿಂದಲೇ ತಿಳಿಯಬಹುದು. ಅಲ್ಲಿ ಸಾಮಾನ್ಯವಾಗಿ ಮೂರು ಪದರಗಳಿವೆ. ಎಲ್ಲಕ್ಕಿಂತ ಒಳಗಿನದು ನಮ್ಮ ಕೈ ತಗಲದಿರಲೆಂದು ಇರುವ ಹೊದಿಕೆ, ನಡುವಿನದರಲ್ಲಿ ರಂಧ್ರವಿದೆ. ಅದರ ಮೂಲಕ ಗಾಳಿ ಸಾಗಿ ಒತ್ತಡದ ಭಾರವೆಲ್ಲ ಹೊರಪದರದ ಮೇಲೆ ಬೀಳುತ್ತದೆ, ನಡುವಿನ ಪದರ ಆಪತ್ತಿಗೆಂದು ಮೀಸಲಾಗಿ ಉಳಿಯುತ್ತದೆ. ಮಂಜು ಕಟ್ಟುವುದೂ ಕಡಿಮೆಯಾಗುತ್ತದೆ. ಇನ್ನು ಕಿಟಕಿಗಳ ಮೂಲೆಗಳೇಕೆ ದುಂಡಗಿವೆ ಎಂದು ಕೇಳಿದರೆ 1954ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಆಕಾಶದಲ್ಲೇ ಒಡೆದುಹೋದ ಎರಡು ಕಾಮೆಟ್ ಜೆಟ್ ವಿಮಾನಗಳ ಕಥೆಯನ್ನು ಹೇಳುತ್ತಾರೆ. ಅದು ಬಹುಪಾಲು ಸರಿ. ತನಿಖೆಗಾರರು ಇನ್ನೊಂದು ಕಾಮೆಟ್ ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು ಒತ್ತಡವನ್ನು ಮತ್ತೆಮತ್ತೆ ಏರಿಸಿ ಇಳಿಸಿ, ಲೋಹ ದಣಿದು ಬಿರುಕು ಬಿಡುವುದನ್ನು ಕಂಡರು. ಆದರೆ ಸಮುದ್ರದಿಂದ ಮೇಲೆತ್ತಿದ ಅವಶೇಷದಲ್ಲಿ ಬಿರುಕಿನ ಮೂಲ ಗುರುತಿಸಿದ್ದು ಪ್ರಯಾಣಿಕರ ಕಿಟಕಿಯಲ್ಲಲ್ಲ, ಛಾವಣಿಯಲ್ಲಿ ಆಂಟೆನಾಕ್ಕಾಗಿ ಕತ್ತರಿಸಿದ್ದ ಕಿಂಡಿಯ ಮೂಲೆಯಲ್ಲಿ. ಅಪಘಾತಗಳ ಅಧಿಕೃತ ತನಿಖಾ ವರದಿಗಳಷ್ಟು ನಿಖರವಾದ ಆಕರ ಈ ಕ್ಷೇತ್ರದಲ್ಲಿ ಅಪರೂಪ.

ಬೀದಿಯಲ್ಲಿ ಕಾಣುವವು, ಪರದೆಯ ಮೇಲೆ ಉಳಿದವು

ಬೀದಿಯ ನೋಟಗಳಿಗೆ ಪೇಟೆಂಟಿಗಿಂತ ಅಂದಿನ ಪತ್ರಿಕೆಗಳ ಸುದ್ದಿ ಹೆಚ್ಚು ನೆರವಾಗುತ್ತದೆ. ರೈಲು ನಿಲ್ದಾಣಗಳ ಅಂಚಿನಲ್ಲಿ, ಪಾದಚಾರಿ ದಾರಿಗಳಲ್ಲಿ ಉಬ್ಬುಗಳಿರುವ ಹಳದಿ ಹಾಸುಬಿಲ್ಲೆಗಳು ಜಾರದಿರಲೆಂದು ಇರುವವಲ್ಲ. ಜಪಾನಿನ ಸೆಯಿಚಿ ಮಿಯಾಕೆ ಎಂಬಾತ ದೃಷ್ಟಿದೋಷವುಳ್ಳವರಿಗಾಗಿ 1965ರಲ್ಲಿ ಇವನ್ನು ರೂಪಿಸಿದನು. 1967ರ ಮಾರ್ಚ್ 18ರಂದು ಒಕಾಯಾಮಾ ನಗರದ ಅಂಧರ ಶಾಲೆಯ ಸಮೀಪದ ರಸ್ತೆಯಲ್ಲಿ ಮೊದಲ ಬಾರಿಗೆ ಹಾಸಲಾಯಿತು. ಉದ್ದನೆಯ ಏರುಗೆರೆಗಳು ಮುಂದೆ ನಡೆಯಿರಿ ಎಂದೂ ದುಂಡನೆಯ ಉಬ್ಬುಗಳು ನಿಲ್ಲಿರಿ, ಎಚ್ಚರ ಎಂದೂ ಕಾಲಿಗೆ ಹೇಳುತ್ತವೆ. ರಸ್ತೆಯ ಕೆಂಪು ದೀಪವೂ ರಸ್ತೆಯಲ್ಲಿ ಹುಟ್ಟಿದ್ದಲ್ಲ. 1868ರ ಡಿಸೆಂಬರಿನಲ್ಲಿ ಲಂಡನ್ನಿನ ಸಂಸತ್ ಭವನದ ಬಳಿ ನಿಲ್ಲಿಸಿದ ಮೊದಲ ಸಂಚಾರ ದೀಪವನ್ನು ರೂಪಿಸಿದ ಜೆ. ಪಿ. ನೈಟ್ ರೈಲ್ವೆ ಸಂಕೇತಗಳ ಎಂಜಿನಿಯರ್ ಆಗಿದ್ದನು; ತನ್ನ ವೃತ್ತಿಯ ಬಣ್ಣಗಳನ್ನೇ ರಸ್ತೆಗೂ ತಂದನು. ಅನಿಲದಿಂದ ಉರಿಯುತ್ತಿದ್ದ ಆ ದೀಪ ಮರುತಿಂಗಳೇ ಸಿಡಿದು ಅದನ್ನು ನಡೆಸುತ್ತಿದ್ದ ಪೊಲೀಸನಿಗೆ ಗಾಯವಾಯಿತು. ಒಂದು ರೂಢಿಯ ಮೂಲ ಸಿಗದೆ ಹೋದಾಗ, ಅದನ್ನು ತಂದವರು ಅದಕ್ಕೂ ಹಿಂದೆ ಯಾವ ಕೆಲಸದಲ್ಲಿದ್ದರು ಎಂದು ವಿಚಾರಿಸುವುದು ಆಗಾಗ ಫಲ ಕೊಡುತ್ತದೆ.

ವಸ್ತು ಮರೆಯಾಗಿ ಅದರ ಆಕಾರವಷ್ಟೇ ಉಳಿಯುವುದೂ ಉಂಟು. ಕಡತವನ್ನು ಉಳಿಸಲು ಒತ್ತುವ ಚೌಕ ಚಿಹ್ನೆ, 1981ರಲ್ಲಿ ಸೋನಿ ಹೊರತಂದ ಮೂರೂವರೆ ಇಂಚಿನ ಫ್ಲಾಪಿ ಡಿಸ್ಕಿನದು. ಅದರಲ್ಲಿ ಕಾಣುವ ಸಣ್ಣ ಪಟ್ಟಿ ಡಿಸ್ಕಿನ ಸರಿಯುವ ಲೋಹದ ಮುಚ್ಚಳ. ಆ ಡಿಸ್ಕನ್ನು ಎಂದೂ ಮುಟ್ಟದವರೂ ಚಿಹ್ನೆಯನ್ನು ತಡವರಿಸದೆ ಒತ್ತುತ್ತಾರೆ. ಇಂಥ ಉಳಿಕೆಗಳ ವಿಷಯದಲ್ಲಿ ಹುಟ್ಟಿದ ಕಾರಣವನ್ನೂ ಉಳಿದ ಕಾರಣವನ್ನೂ ಪ್ರತ್ಯೇಕವಾಗಿ ಬರೆಯಬೇಕು. ಜೀನ್ಸಿನ ಪುಟ್ಟ ಜೇಬು ಹುಟ್ಟಿದ್ದು ಗಡಿಯಾರಕ್ಕಾಗಿ, ಉಳಿದಿರುವುದು ಅದಿಲ್ಲದಿದ್ದರೆ ಜೀನ್ಸ್ ಎನಿಸುವುದಿಲ್ಲ ಎಂಬುದಕ್ಕಾಗಿ.

ಕಂಡದ್ದನ್ನು ಬರೆದಿಡುವಾಗ

ಹುಡುಕಾಟ ಮುಗಿದ ಮೇಲೆ ಪ್ರತಿಯೊಂದು ವಾಕ್ಯದ ಪಕ್ಕದಲ್ಲಿ ಅದು ಎಲ್ಲಿಂದ ಬಂತು ಎಂದು ಗುರುತು ಹಾಕಿ. ಮೂಲ ದಾಖಲೆಯನ್ನು ನೀವೇ ನೋಡಿದ್ದು, ದಾಖಲೆಯನ್ನು ನೋಡಿದವರು ಬರೆದದ್ದು, ಯಾರೋ ಹೇಳಿದ್ದು ಎಂಬ ಮೂರು ವರ್ಗಗಳು ಸಾಕು. ಹತ್ತು ಕಡೆ ಒಂದೇ ಮಾತಿದ್ದರೂ ಆ ಹತ್ತೂ ಒಂದೇ ಬರಹದಿಂದ ನಕಲಾಗಿದ್ದರೆ ಅದು ಒಂದೇ ಸಾಕ್ಷಿ. ಒಂದೇ ತಪ್ಪು ಕಾಗುಣಿತ, ಒಂದೇ ವಿಚಿತ್ರ ಸಂಖ್ಯೆ ಎಲ್ಲೆಡೆ ಮರುಕಳಿಸಿದರೆ ನಕಲನ್ನು ಗುರುತಿಸಬಹುದು.

ಮೊದಲ ಎಂಬ ಪದವನ್ನು ಬಳಸುವಾಗ ವಿಶೇಷ ಎಚ್ಚರ ಬೇಕು. ಬಾರ್‌ಕೋಡನ್ನೇ ನೋಡಿ. ನಾರ್ಮನ್ ಜೋಸೆಫ್ ವುಡ್‌ಲ್ಯಾಂಡ್ ಮತ್ತು ಬರ್ನಾರ್ಡ್ ಸಿಲ್ವರ್ 1949ರಲ್ಲಿ ಅರ್ಜಿ ಸಲ್ಲಿಸಿ 1952ರಲ್ಲಿ ಪೇಟೆಂಟ್ ಪಡೆದರು. ತಂತಿ ಸಂದೇಶಕ್ಕೆ ಬಳಸುತ್ತಿದ್ದ ಮೋರ್ಸ್ ಸಂಕೇತದ ಚುಕ್ಕೆಗಳನ್ನೂ ಗೆರೆಗಳನ್ನೂ ಕೆಳಕ್ಕೆ ಎಳೆದರೆ ಏನಾಗಬಹುದು ಎಂದು ವುಡ್‌ಲ್ಯಾಂಡ್ ಕಡಲತೀರದ ಮರಳಿನಲ್ಲಿ ಬೆರಳಾಡಿಸುತ್ತಾ ಯೋಚಿಸಿದ್ದಾಗಿ ತಾನೇ ಹೇಳಿಕೊಂಡಿದ್ದಾನೆ. ಆ ಪೇಟೆಂಟಿನಲ್ಲಿ ಗುರಿಹಲಗೆಯಂಥ ವೃತ್ತಗಳ ಮಾದರಿಯೂ ಇದೆ. ಇಂದು ನಾವು ಕಾಣುವ ನೇರ ಪಟ್ಟಿಗಳ ಉತ್ಪನ್ನ ಸಂಕೇತವನ್ನು ರೂಪಿಸಿದವನು ಐಬಿಎಂ ಕಂಪನಿಯ ಜಾರ್ಜ್ ಲಾರರ್. ಅದನ್ನು ಅಂಗಡಿಯ ಗಲ್ಲೆಯಲ್ಲಿ ಮೊದಲ ಬಾರಿಗೆ ಓದಿಸಿದ್ದು 1974ರ ಜೂನ್ 26ರಂದು, ಅಮೆರಿಕದ ಒಹಾಯೋ ರಾಜ್ಯದ ಟ್ರಾಯ್ ಪಟ್ಟಣದಲ್ಲಿ, ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲೆ. ಬಾರ್‌ಕೋಡಿನ ಜನಕ ಯಾರು ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಹೆಸರು ಬರೆದರೆ ಇಬ್ಬರಿಗಾದರೂ ಅನ್ಯಾಯವಾಗುತ್ತದೆ. ಆದ್ದರಿಂದ ಜನಕ, ಪಿತಾಮಹ ಎಂಬ ಬಿರುದುಗಳನ್ನು ಬಿಟ್ಟು, ಯಾವ ವರ್ಷ ಯಾರು ಏನು ಮಾಡಿದರು ಎಂಬ ಕ್ರಿಯಾಪದವನ್ನೇ ಬರೆಯಿರಿ: ಯೋಚಿಸಿದರು, ಅರ್ಜಿ ಹಾಕಿದರು, ತಯಾರಿಸಿದರು, ಮಾರಿದರು, ಕಡ್ಡಾಯ ಮಾಡಿದರು. ಎರಡು ಆಕರಗಳು ಒಂದಕ್ಕೊಂದು ವಿರುದ್ಧವಾಗಿದ್ದರೆ ಎರಡನ್ನೂ ಅವುಗಳ ತಾರೀಖಿನ ಸಹಿತ ಬರೆದು, ನಿಮಗೆ ಯಾವುದು ಹೆಚ್ಚು ನಂಬಲರ್ಹ ಎನಿಸಿತು, ಏಕೆ ಎನಿಸಿತು ಎಂಬುದನ್ನು ಒಂದು ಸಾಲಿನಲ್ಲಿ ಸೇರಿಸಿ. ಹೊಸ ದಾಖಲೆ ಸಿಕ್ಕಾಗ ಬದಲಿಸಬೇಕಾದದ್ದು ಆ ಒಂದು ಸಾಲು ಮಾತ್ರ.